ಚಳಿಗೆ ಬರುವ ಹೆಜ್ಜೇನು

ಜೇನಿನ ಬಗ್ಗೆ ನಾವು ಶಾಲೆಯಲ್ಲಿ ಓದಿದ್ದರಲ್ಲಿ ಹೆಚ್ಚಿನದು ಯೂರೋಪಿನ ಜೇನಿನ ಕಥೆ. ಬೇಸಿಗೆಯೆಲ್ಲ ದುಡಿದು ಕೂಡಿಡುತ್ತದೆ, ಹಿಮ ಬಿದ್ದಾಗ ಗೂಡಿನೊಳಗೆ ಮುದುರಿ ಕೂತು ಕೂಡಿಟ್ಟದ್ದನ್ನು ತಿನ್ನುತ್ತದೆ, ವಸಂತ ಬಂತೆಂದರೆ ಮತ್ತೆ ಹೊರಬೀಳುತ್ತದೆ. ಕಥೆಯೇನೋ ನಿಜವೇ. ಆದರೆ ಅದನ್ನು ಬಾಯಿಪಾಠ ಮಾಡಿದ ಮೈಸೂರಿನ ಹುಡುಗಿಯೊಬ್ಬಳು ಡಿಸೆಂಬರ್ ಬೆಳಿಗ್ಗೆ ಸ್ವೆಟರ್ ಹಾಕಿಕೊಂಡು ಶಾಲೆಗೆ ಹೊರಟು ತಲೆಯೆತ್ತಿದರೆ ಕಾಣುವುದು ಪಾಠಕ್ಕೆ ತದ್ವಿರುದ್ಧ. ಜುಲೈಯಲ್ಲಿ ಬರಿದಾಗಿದ್ದ ನೀರಿನ ಟ್ಯಾಂಕಿನ ತಳದಲ್ಲಿ ಈಗ ಹೆಜ್ಜೇನು ಕಟ್ಟಿದೆ. ಪಕ್ಕದಲ್ಲೇ ಇನ್ನೊಂದು, ಅದರಾಚೆ ಮತ್ತೊಂದು. ಯಾವುದೂ ಮುದುರಿ ಕೂತಿಲ್ಲ. ಸೂರ್ಯ ಹುಟ್ಟುವ ಮೊದಲೇ ಕೆಲಸಕ್ಕೆ ಹೊರಟಿವೆ.

ಮೈಸೂರಿನಲ್ಲಿ ಮಾಗಿ ಎಂದರೆ ಜೇನು ಬರುವ ಕಾಲ. ಹಾಗೇಕೆ ಎಂದು ತಿಳಿಯಲು ಚಳಿ ಒಂದು ನೊಣಕ್ಕೆ ಏನು ಮಾಡುತ್ತದೆ ಎನ್ನುವುದರಿಂದ ಶುರು ಮಾಡಬೇಕು.

ಸುಮ್ಮನೆ ಕೂತ ಒಂಟಿ ಜೇನುನೊಣದ ಮೈಬಿಸಿ ಸುತ್ತಲಿನ ಗಾಳಿಯ ಜೊತೆಗೇ ಏರುತ್ತದೆ, ಇಳಿಯುತ್ತದೆ. ಹಾರಬೇಕಾದರೆ ಅದರ ಎದೆಯ ಸ್ನಾಯುಗಳು ಸುಮಾರು 30 ಡಿಗ್ರಿ ಸೆಲ್ಸಿಯಸ್ ಮುಟ್ಟಬೇಕು. ಬೆಳಗಿನ ಚಳಿಯಲ್ಲಿ ಅಷ್ಟು ಬಿಸಿ ಎಲ್ಲಿಂದ ಬರಬೇಕು? ನೊಣ ಅದನ್ನು ತಾನೇ ಹುಟ್ಟಿಸಿಕೊಳ್ಳುತ್ತದೆ. ರೆಕ್ಕೆಯನ್ನು ಮೇಲೆತ್ತುವ ಸ್ನಾಯು ಒಂದಿದೆ, ಕೆಳಗಿಳಿಸುವುದು ಇನ್ನೊಂದಿದೆ. ಎರಡನ್ನೂ ಒಟ್ಟಿಗೇ ಬಿಗಿ ಹಿಡಿದರೆ ರೆಕ್ಕೆ ಅಲುಗುವುದಿಲ್ಲ, ಬಿಸಿ ಮಾತ್ರ ಹುಟ್ಟುತ್ತದೆ. ನಾವು ಚಳಿಗೆ ನಡುಗುವುದೂ ಹೆಚ್ಚುಕಡಿಮೆ ಇದೇ ಕೆಲಸ. ಈ ನಡುಕಕ್ಕೆ ಸಕ್ಕರೆ ಬೇಕು, ಅಂದರೆ ಜೇನುತುಪ್ಪ ಖರ್ಚಾಗುತ್ತದೆ. ಮೈಬಿಸಿ 10 ಡಿಗ್ರಿಯ ಆಸುಪಾಸಿಗಿಂತ ಕೆಳಗೆ ಜಾರಿತೋ, ನಡುಗಬೇಕಾದ ಸ್ನಾಯುಗಳೇ ಮರಗಟ್ಟುತ್ತವೆ. ಆಮೇಲೆ ಎಷ್ಟು ತುಪ್ಪವಿದ್ದರೂ ಪ್ರಯೋಜನವಿಲ್ಲ. ನೊಣ ಕೂತಲ್ಲಿಂದ ಉದುರುತ್ತದೆ.

ಈ 10 ಡಿಗ್ರಿಯ ಗೆರೆಯನ್ನು ನೆನಪಿಟ್ಟುಕೊಂಡು ಯೂರೋಪಿನ ಚಳಿಗಾಲವನ್ನು ನೋಡಿದರೆ ಅಲ್ಲಿನ ಜೇನಿನ ಸಾಹಸ ಅರ್ಥವಾಗುತ್ತದೆ. ಹೊರಗೆ ಸೊನ್ನೆಗಿಂತ ಕೆಳಗೆ ಹೋದರೂ ಸಾವಿರಾರು ನೊಣಗಳು ಒಂದಕ್ಕೊಂದು ಅಂಟಿಕೊಂಡು ಉಂಡೆ ಕಟ್ಟುತ್ತವೆ. ಹೊರಪದರದವು ತಲೆಯನ್ನು ಒಳಗೆ ತೂರಿ, ಸಂದಿಲ್ಲದಂತೆ ಒತ್ತಿ ಕೂರುತ್ತವೆ. ನಡುವಿನವು ನಡುಗುತ್ತ ಬಿಸಿ ಕೊಡುತ್ತವೆ. ಉಂಡೆಯ ಅಂಚು ಆ ಹತ್ತರ ಗೆರೆಯ ಹತ್ತಿರವೇ ಇರುತ್ತದೆ, ಮಧ್ಯದಲ್ಲಿ ಮರಿಯಿದ್ದರೆ ಬಿಸಿ 34-35ಕ್ಕೆ ಏರಿರುತ್ತದೆ. ಶರತ್ಕಾಲದಲ್ಲೇ ಕೆಲಸಗಾರ್ತಿಯರು ಗಂಡುನೊಣಗಳನ್ನು ಗೂಡಿನಿಂದ ಹೊರಗಟ್ಟಿರುತ್ತಾರೆ (ಕೂತು ತಿನ್ನುವವರಿಗೆ ಆ ಸಂಸಾರದಲ್ಲಿ ಜಾಗವಿಲ್ಲ), ರಾಣಿ ಮೊಟ್ಟೆಯಿಡುವುದನ್ನು ತಗ್ಗಿಸಿರುತ್ತಾಳೆ. ಆಗ ಹುಟ್ಟುವ ಕೆಲಸಗಾರ್ತಿಯರ ಒಡಲೇ ಬೇರೆ: ಹೊಟ್ಟೆಯೊಳಗೆ ಕೊಬ್ಬು ಮತ್ತು ಪ್ರೋಟೀನಿನ ದಾಸ್ತಾನು ಹೆಚ್ಚು. ಬೇಸಿಗೆಯ ನೊಣ ನಾಲ್ಕರಿಂದ ಆರು ವಾರ ಬದುಕಿದರೆ ಇವು ಆರು ತಿಂಗಳು ಬದುಕಬಲ್ಲವು. ಒಂದೇ ತಾಯಿಯ ಮಕ್ಕಳು, ಅದೇ ವಂಶವಾಹಿಗಳು. ಹುಟ್ಟಿದ ತಿಂಗಳು ಆಯಸ್ಸನ್ನು ಐದಾರು ಪಟ್ಟು ಎಳೆದುಬಿಡುತ್ತದೆ.

ಇನ್ನು ಮೈಸೂರಿಗೆ ಬರೋಣ. ಸಮುದ್ರಮಟ್ಟದಿಂದ ಸುಮಾರು 770 ಮೀಟರ್ ಎತ್ತರದ ಊರು. ಜನವರಿಯ ರಾತ್ರಿಗಳು ಸಾಮಾನ್ಯವಾಗಿ 16 ಡಿಗ್ರಿಯ ಆಸುಪಾಸು, ಮಧ್ಯಾಹ್ನ 28ರ ಮೇಲೆ. 2012ರ ಜನವರಿಯಲ್ಲಿ ಒಮ್ಮೆ 7.7ಕ್ಕೆ ಇಳಿದಿತ್ತು, ಅದನ್ನು ಊರೆಲ್ಲ ಮಾತಾಡಿಕೊಂಡಿತು ಎಂದರೆ ಅದು ಎಷ್ಟು ಅಪರೂಪ ಎಂದು ತಿಳಿಯುತ್ತದೆ. ಮಫ್ಲರ್ ಸುತ್ತಿಕೊಂಡು ಕುಕ್ಕರಹಳ್ಳಿ ಕೆರೆಯ ಏರಿಯ ಮೇಲೆ ನಡೆಯುವ ಹಿರಿಯರಿಗೆ ಇದು ಕೊರೆಯುವ ಚಳಿಯೇ ಇರಬಹುದು. ನೊಣದ ಲೆಕ್ಕದಲ್ಲಿ ಮಾತ್ರ ಮೈಸೂರಿನ ರಾತ್ರಿ ಸಾಮಾನ್ಯವಾಗಿ ಹತ್ತರ ಗೆರೆಯ ಮೇಲೆಯೇ ಉಳಿಯುತ್ತದೆ, ಮಧ್ಯಾಹ್ನ ಹಾರಾಟಕ್ಕೆ ಹೇಳಿ ಮಾಡಿಸಿದಂತಿರುತ್ತದೆ. ಆರು ತಿಂಗಳು ಬದುಕುವ ನೊಣವನ್ನು ಇಲ್ಲಿ ತಯಾರು ಮಾಡುವ ಅಗತ್ಯವೇ ಬೀಳುವುದಿಲ್ಲ.

ನಮ್ಮ ಕಡೆಯ ಜೇನಿಗೆ ಕಷ್ಟಕಾಲ ಬೇರೆ ಇದೆ, ಅದು ಮಳೆಗಾಲ. ನೂರಿಪ್ಪತ್ತು ಕಿಲೋಮೀಟರ್ ಆಚೆಯ ಮಡಿಕೇರಿಯಲ್ಲಿ ವರ್ಷಕ್ಕೆ 3000 ಮಿಲಿಮೀಟರ್ ದಾಟಿ ಮಳೆ ಸುರಿಯುತ್ತದೆ, ಅದರಲ್ಲಿ ಹೆಚ್ಚಿನ ಪಾಲು ಜೂನ್‌ನಿಂದ ಸೆಪ್ಟೆಂಬರ್ ಒಳಗೆ. ದಿನಗಟ್ಟಲೆ ಹಾರುವಂತಿಲ್ಲ. ಹೂವಿದ್ದರೂ ಪರಾಗ ತೊಳೆದುಹೋಗಿರುತ್ತದೆ, ಮಕರಂದ ನೀರಾಗಿರುತ್ತದೆ. ಮಲೆನಾಡಿನಲ್ಲಿ ಪೆಟ್ಟಿಗೆ ಇಟ್ಟು ತುಡುವೆ ಸಾಕುವವರನ್ನು ಕೇಳಿ: ಅವರು ಸಕ್ಕರೆ ಪಾಕ ಮಾಡಿ ಇಡುವುದು ಆಟಿ, ಆಷಾಢ, ಶ್ರಾವಣದಲ್ಲೇ ಹೊರತು ಪುಷ್ಯದಲ್ಲಿ ಅಲ್ಲ. ಯೂರೋಪಿನ ಸಾಕಣೆಗಾರ ಹಿಮಕ್ಕೆ ಮಾಡಿಕೊಳ್ಳುವ ತಯಾರಿಯನ್ನು ನಮ್ಮವನು ಮುಂಗಾರಿಗೆ ಮಾಡಿಕೊಳ್ಳುತ್ತಾನೆ. ಇಂಗ್ಲಿಷ್ ಕೈಪಿಡಿಯ ತಿಂಗಳುಗಳನ್ನು ಹಾಗೆಯೇ ಕನ್ನಡಕ್ಕಿಳಿಸಿದ ಪುಸ್ತಿಕೆಗಳನ್ನು ನೋಡಿದಾಗ ನನಗೆ ಸಿಟ್ಟು ಬರುವುದು ಇದಕ್ಕೇ.

ಮೈಸೂರಿನ ಮಳೆಯ ಲಯ ಮಡಿಕೇರಿಯದ್ದಲ್ಲ. ವರ್ಷಕ್ಕೆ ಸುಮಾರು 800 ಮಿಲಿಮೀಟರ್ ಅಷ್ಟೆ; ಮೇ ತಿಂಗಳಲ್ಲಿ ಒಮ್ಮೆ ಜೋರು, ಮತ್ತೆ ಸೆಪ್ಟೆಂಬರ್-ಅಕ್ಟೋಬರ್‌ನಲ್ಲಿ ಇನ್ನೊಮ್ಮೆ. ಜಂಬೂ ಸವಾರಿಯ ದಿನ ಮಳೆ ಬಂದೀತೇ ಎಂದು ಆಕಾಶ ನೋಡುವ ಊರು ಇದು. ಆ ಮಳೆ ಕಾಲ್ತೆಗೆದ ಮೇಲೆ ಸುತ್ತಲ ಹೊಲಗಳಲ್ಲಿ ಹುಚ್ಚೆಳ್ಳು ಹಳದಿಯಾಗಿ ಅರಳುತ್ತದೆ, ತೊಗರಿ ಹೂ ಕಚ್ಚುತ್ತದೆ. ತೆಂಗು ವರ್ಷವಿಡೀ ಹೊಂಬಾಳೆ ಬಿಚ್ಚುತ್ತಲೇ ಇರುತ್ತದೆ. ಸಂಕ್ರಾಂತಿ ದಾಟಿದರೆ ಬೂರುಗ, ಮುತ್ತುಗ. ಶಿವರಾತ್ರಿಗೆ ಚಳಿ ಶಿವಶಿವಾ ಎಂದು ಹೊರಟ ಮೇಲೆ ಹೊಂಗೆ, ಬೇವು, ರಸ್ತೆ ಬದಿಯ ಮಳೆಮರಗಳು. ಅಕ್ಟೋಬರ್ ಕೊನೆಯಿಂದ ಏಪ್ರಿಲ್‌ವರೆಗೆ ಒಂದಲ್ಲ ಒಂದು ಕಡೆ ಊಟ ಸಿಗುತ್ತದೆ. ಮೇಲೆ ಮಳೆಯಿಲ್ಲ, ಕೆಳಗೆ ಹೂವಿದೆ, ರಾತ್ರಿ ಮರಗಟ್ಟುವ ಭಯವಿಲ್ಲ.

ಹಾಗೆಂದು ಚಳಿ ಇಲ್ಲಿನ ಜೇನುಗಳಿಗೆ ಲೆಕ್ಕಕ್ಕೇ ಇಲ್ಲ ಎಂದಲ್ಲ. ನಾಲ್ಕು ಬಗೆಯ ಜೇನು ನಾಲ್ಕು ಥರ ಅದನ್ನು ಎದುರಿಸುತ್ತವೆ. ಅಕ್ಕಿಕಾಳಿನಷ್ಟೂ ಇಲ್ಲದ ನೆಸರಿ ಜೇನು, ಕರಾವಳಿಯವರ ಮುಜಂಟಿ, ಗೋಡೆಯ ಬಿರುಕಿನ ಮೇಣದ ಕೊಳವೆಯಿಂದ ಹೊರಬರುವುದು ಬಿಸಿಲು ಏರಿದ ಮೇಲೆ. ಮೈ ಚಿಕ್ಕದಾದಷ್ಟೂ ಬಿಸಿ ಬೇಗ ಸೋರುತ್ತದೆ, ಅದಕ್ಕೆ ತಡವಾಗಿ ಏಳುವುದೇ ಜಾಣತನ. ತುಡುವೆ ಮರದ ಪೊಟರೆಯಲ್ಲೋ ಹಾಳುಬಿದ್ದ ಮೀಟರ್ ಬಾಕ್ಸಿನಲ್ಲೋ ಗೂಡು ಮಾಡಿ, ಕತ್ತಲಲ್ಲಿ ಸಮಾನಾಂತರವಾಗಿ ಹಲವು ಎರಿ ಕಟ್ಟುವುದರಿಂದ ಅದಕ್ಕೆ ಗೋಡೆಯ ಆಸರೆಯಿದೆ. ಕಡ್ಡಿಜೇನಿಗೆ ಅದೂ ಇಲ್ಲ. ಬೇಲಿಯ ಕಡ್ಡಿಗೆ ಅಂಗೈಯಗಲದ ಒಂದೇ ಎರಿ. ಉತ್ತರ ಭಾರತದಲ್ಲಿ ಅದು ಚಳಿಗಾಲ ಬಂದಾಗ ನೆರಳಿನ ಗೂಡು ಬಿಟ್ಟು ಬಿಸಿಲು ಬೀಳುವ ಕಡೆಗೆ ಮನೆ ಬದಲಿಸುತ್ತದೆ. ಹೊಸ ಜಾಗ ಹತ್ತಿರವೇ ಇದ್ದರೆ ಹಳೆಯ ಗೂಡಿನ ಮೇಣವನ್ನು ಕೆರೆದು ಹೊತ್ತೊಯ್ಯುತ್ತದೆ. ಮೇಣ ಮಾಡಲು ಎಷ್ಟೋ ಪಟ್ಟು ತೂಕದ ಜೇನು ಕರಗಿಸಬೇಕಾದ್ದರಿಂದ ಈ ಜಿಪುಣತನಕ್ಕೆ ಅರ್ಥವಿದೆ.

ಹೆಜ್ಜೇನಿನದು ಎಲ್ಲಕ್ಕಿಂತ ಎದೆಗಾರಿಕೆಯ ದಾರಿ. ಒಂದು ಮೀಟರಿನಷ್ಟು ಅಗಲವಾಗಬಲ್ಲ ಒಂದೇ ಎರಿಯನ್ನು ಬಯಲಿನಲ್ಲಿ, ಎತ್ತರದಲ್ಲಿ ನೇತುಹಾಕುತ್ತದೆ. ಗೋಡೆಯಿಲ್ಲ, ಬಾಗಿಲಿಲ್ಲ. ನಾವು ಕೆಳಗಿನಿಂದ ನೋಡಿ ಗೂಡು ಎಂದುಕೊಳ್ಳುವ ಆ ಕಪ್ಪು ಹಾಸು ಗೂಡೇ ಅಲ್ಲ, ಬರೀ ನೊಣಗಳು. ತಲೆ ಮೇಲೆ, ಹೊಟ್ಟೆ ಕೆಳಗೆ ಮಾಡಿಕೊಂಡು, ನಾಡಹಂಚು ಹೊದಿಸಿದ ಹಾಗೆ ಒಂದರ ಮೇಲೊಂದು ಸರಿದು, ಹಲವು ಪದರದಲ್ಲಿ ಎರಿಯನ್ನು ಮುಚ್ಚಿರುತ್ತವೆ. ಹನಿ ಬಿದ್ದರೆ ರೆಕ್ಕೆಯಿಂದ ರೆಕ್ಕೆಗೆ ಜಾರಿ ಕೆಳಗಿಳಿಯುತ್ತದೆ. ರಾತ್ರಿ ತಣ್ಣಗಾದಂತೆ ಹಾಸು ಬಿಗಿಯಾಗುತ್ತದೆ, ಮಧ್ಯಾಹ್ನ ಬಿಸಿಯೇರಿದಂತೆ ಸಡಿಲವಾಗಿ ಗಾಳಿಗೆ ದಾರಿ ಬಿಡುತ್ತದೆ. ಇಷ್ಟರಿಂದಲೇ ಒಳಗಿನ ಮರಿಗಳ ಸುತ್ತ 30ರಿಂದ 34 ಡಿಗ್ರಿ ಉಳಿದುಕೊಳ್ಳುತ್ತದೆ. ಯೂರೋಪಿನ ಜೇನು ಚಳಿಗಾಲದಲ್ಲಿ ಮಾತ್ರ ಕಟ್ಟುವ ಉಂಡೆಯನ್ನು ಹೆಜ್ಜೇನು ವರ್ಷಪೂರ್ತಿ ಚಪ್ಪಟೆಯಾಗಿ ಹರಡಿ ಇಟ್ಟುಕೊಂಡಿದೆ ಎನ್ನಬಹುದು.

ಕಡಜ ಹತ್ತಿರ ಸುಳಿದರೆ ಈ ಹಾಸಿನ ಮೇಲೆ ಅಲೆಯೊಂದು ಓಡುತ್ತದೆ. ನೂರಾರು ನೊಣಗಳು ಸರದಿಯಲ್ಲಿ, ಕಣ್ಣು ಮಿಟುಕಿಸುವಷ್ಟರಲ್ಲಿ, ಹೊಟ್ಟೆಯೆತ್ತಿ ಇಳಿಸುತ್ತವೆ. ಆಸ್ಟ್ರಿಯಾದ ಗೆರಾಲ್ಡ್ ಕಾಸ್ಟ್‌ಬೆರ್ಗರ್ ಮತ್ತು ಸಂಗಡಿಗರು ನೇಪಾಳದಲ್ಲಿ ಇದನ್ನು ವಿಡಿಯೋ ಮಾಡಿ, ಅಲೆ ಕಂಡ ಕಡಜಗಳು ದೂರ ಸರಿಯುತ್ತವೆ ಎಂದು 2008ರಲ್ಲಿ ತೋರಿಸಿದರು. ಚಳಿಗಾಲದಲ್ಲಿ ಉತ್ತರದಿಂದಲೂ ಬಂದಿಳಿಯುವ ಜೇನುಗಿಡುಗ ಮಾತ್ರ ಇದಕ್ಕೆಲ್ಲ ಜಗ್ಗುವ ಪ್ರಾಣಿಯಲ್ಲ. ಎರಿಗೇ ಎರಗಿ ತುಂಡು ಕಿತ್ತುಕೊಂಡು ಹೋಗುತ್ತದೆ. ಎದ್ದ ಹೆಜ್ಜೇನು ಆಮೇಲೆ ಸಿಟ್ಟು ತೀರಿಸಿಕೊಳ್ಳುವುದು ಕೆಳಗೆ ಬೈಕ್ ನಿಲ್ಲಿಸುತ್ತಿದ್ದ ಪಾಪದವನ ಮೇಲೆ.

ಇವು ಬರುವುದು ಎಲ್ಲಿಂದ? ಮೈಸೂರಿನಿಂದ ನೇರ ಗೆರೆ ಎಳೆದರೆ ನಾಗರಹೊಳೆ, ಬಂಡೀಪುರ, ಬಿಳಿಗಿರಿರಂಗನ ಬೆಟ್ಟ ಮೂರೂ 60ರಿಂದ 75 ಕಿಲೋಮೀಟರ್ ದೂರದಲ್ಲಿವೆ. ಹೆಜ್ಜೇನು ಋತುವಿಗೆ ತಕ್ಕಂತೆ 100, 200 ಕಿಲೋಮೀಟರ್ ವಲಸೆ ಹೋಗುತ್ತದೆ ಎಂದು ಶ್ರೀಲಂಕಾದಲ್ಲಿ ಅದರ ಬೆನ್ನುಹತ್ತಿದ ಕೋನಿಗರ್ ದಂಪತಿ 1980ರಲ್ಲೇ ಬರೆದಿದ್ದರು. ಆ ಅಳತೆಯಲ್ಲಿ ಈ ಕಾಡುಗಳು ಪಕ್ಕದ ಬೀದಿ. ಕಾಡಿನಲ್ಲಿ ಸೋಲಿಗರೂ ಜೇನುಕುರುಬರೂ ಹೆಜ್ಜೇನು ಇಳಿಸುವ ಸುಗ್ಗಿ ಏಪ್ರಿಲ್‌ನಿಂದ ಜೂನ್. ಬೇಸಿಗೆಯ ಮೊದಲ ಮಳೆಗಳಿಗೆ ಮರಗಳು ಹೂಬಿಟ್ಟಾಗ. ಜೂನ್‌ನಲ್ಲಿ ಮುಂಗಾರು ಹಿಡಿಯುತ್ತಿದ್ದಂತೆ ಅಲ್ಲಿಂದ ಹೊರಡಬೇಕು. ಬಯಲಿನ ಮಳೆನೆರಳಿನಲ್ಲಿ, ಗುಂಡ್ಲುಪೇಟೆಯ ಕಡೆ ಆಗ ಸೂರ್ಯಕಾಂತಿ ಅರಳುವ ಕಾಲ. ಮಳೆಯೆಲ್ಲ ಕಳೆದ ಮೇಲೆ ಬಯಲುಸೀಮೆಯ ಸರದಿ. ಹೆಜ್ಜೇನಿನ ವರ್ಷ ಹೀಗೆ ಬೆಟ್ಟಕ್ಕೂ ಬಯಲಿಗೂ ನಡುವೆ ಸುತ್ತುತ್ತದೆ, ಆ ಸುತ್ತಿನಲ್ಲಿ ಮೈಸೂರು ಮಾಗಿಯ ಬಿಡಾರ.

ಆದರೆ ಊರೇ ಯಾಕೆ, ಹೊಲದ ಮರ ಸಾಲದೆ? ಹೆಜ್ಜೇನು ಹುಡುಕುವುದು ಎತ್ತರ, ಗಟ್ಟಿಯಾದ ಅಡ್ಡ ತಳ, ಕೆಳಗಿನಿಂದ ಹತ್ತಲಾಗದ ಜಾಗ. ಕಾಡಿನಲ್ಲಿ ಅದು ಬಂಡೆಯ ಚಾಚು, ಇಲ್ಲವೇ ಹಳೆಯ ಮರದ ದಪ್ಪ ಕೊಂಬೆ. ಊರಿನಲ್ಲಿ ಟ್ಯಾಂಕಿನ ತಳ, ಮೂರನೇ ಮಹಡಿಯ ಸಜ್ಜ, ಹಳೆಯ ಕಟ್ಟಡದ ಕಮಾನು ಇವೆಲ್ಲ ಅದಕ್ಕೆ ಬಂಡೆಗಳೇ. ಮಾನಸಗಂಗೋತ್ರಿಯ ಪ್ರಾಣಿಶಾಸ್ತ್ರ ವಿಭಾಗದ ಎಸ್. ಬಸವರಾಜಪ್ಪ ಮತ್ತು ಅವರ ವಿದ್ಯಾರ್ಥಿಗಳು ದಕ್ಷಿಣ ಕರ್ನಾಟಕದ ಹೆಜ್ಜೇನುಗಳನ್ನು ವರ್ಷಗಟ್ಟಲೆ ಗಮನಿಸಿ, ಮರಗಳ ಜೊತೆಗೆ ಮನುಷ್ಯ ಕಟ್ಟಿದ್ದರ ಮೇಲೂ ಅವು ನೆಲೆ ಮಾಡುವುದನ್ನು ದಾಖಲಿಸಿದ್ದಾರೆ. ಮರ ಸಿಕ್ಕರೂ ಒಂದೇ ಮರಕ್ಕೆ ಮುಗಿಬೀಳುವುದುಂಟು. ಹೊಸಕೋಟೆ ತಾಲ್ಲೂಕಿನ ರಾಮಗೋವಿಂದಪುರದ ಆಲದ ಮರಕ್ಕೆ ನೂರಾರು ಜೇನುಹುಟ್ಟುಗಳು ಬಂದು ಕೂರುತ್ತವೆ, ಊರವರು ಅದನ್ನು ಮುಟ್ಟಗೊಡುವುದಿಲ್ಲ.

ಹೆಜ್ಜೇನು ಬಂದಿದೆ ಎನ್ನುವುದು ಮೈಸೂರಿನ ಬಡಾವಣೆಗಳಲ್ಲಿ ಎಷ್ಟೋ ಮಂದಿಗೆ ಮೊದಲು ಗೊತ್ತಾಗುವುದು ಕಾರಿನ ಗಾಜಿನಿಂದ. ತೊಳೆದು ನಿಲ್ಲಿಸಿದ ಬಿಳಿ ಕಾರಿನ ಮೇಲೆ ಸಂಜೆಗೆ ಸಾಸಿವೆಯಿಂದ ಮೆಂತ್ಯದಷ್ಟು ದೊಡ್ಡ ಹಳದಿ ಚುಕ್ಕೆಗಳು. ತಾರಸಿಯಲ್ಲಿ ಒಣಹಾಕಿದ ಪಂಚೆಯ ಮೇಲೂ ಅವೇ. ಈ ಚುಕ್ಕೆಗಳಿಗೆ ಅಂತರರಾಷ್ಟ್ರೀಯ ಇತಿಹಾಸವಿದೆ. 1981ರಲ್ಲಿ ಅಮೆರಿಕದ ವಿದೇಶಾಂಗ ಸಚಿವ ಅಲೆಕ್ಸಾಂಡರ್ ಹೇಗ್, ಲಾವೋಸ್ ಮತ್ತು ಕಾಂಬೋಡಿಯಾದಲ್ಲಿ ಸೋವಿಯತ್ ಬೆಂಬಲದಿಂದ ರಾಸಾಯನಿಕ ಅಸ್ತ್ರ ಬಳಸುತ್ತಿದ್ದಾರೆ ಎಂದು ಆರೋಪಿಸಿದರು. ಲಾವೋಸಿನಿಂದ ಓಡಿಬಂದ ಹ್ಮಾಂಗ್ ನಿರಾಶ್ರಿತರು ಆಕಾಶದಿಂದ ಬಿದ್ದ ‘ಹಳದಿ ಮಳೆ’ಯ ಬಗ್ಗೆ ಹೇಳಿದ್ದರು, ಎಲೆಗಳ ಮೇಲೆ ಒಣಗಿದ ಚುಕ್ಕೆಗಳು ಸಾಕ್ಷಿಯಾಗಿದ್ದವು. ಹಾರ್ವರ್ಡ್‌ನ ಮ್ಯಾಥ್ಯೂ ಮೆಸೆಲ್ಸನ್‌ಗೆ ಅನುಮಾನ ಬಂತು, ಏಕೆಂದರೆ ಚುಕ್ಕೆಗಳ ತುಂಬ ಪರಾಗವಿತ್ತು, ಅದೂ ಒಳಗಿನ ತಿರುಳು ಜೀರ್ಣವಾಗಿ ಬರಿ ಚಿಪ್ಪು ಉಳಿದ ಪರಾಗ. ಜೇನುತಜ್ಞ ಥಾಮಸ್ ಸೀಲಿ ಜೊತೆ 1984ರಲ್ಲಿ ಥಾಯ್ಲೆಂಡಿಗೆ ಹೋದ ಅವರ ತಂಡದ ಮೇಲೆಯೇ ಹೆಜ್ಜೇನು ಹಳದಿ ಮಳೆ ಸುರಿಸಿತು. ಶೀತಲ ಸಮರದ ಒಂದು ದೊಡ್ಡ ಆರೋಪ ಹೀಗೆ ಜೇನಿನ ಹಿಕ್ಕೆಯ ಮುಂದೆ ತತ್ತರಿಸಿತು.

ಜೇನು ಗೂಡಿನಲ್ಲಿ ಗಲೀಜು ಮಾಡುವುದಿಲ್ಲ, ಹಾರುತ್ತ ಮಾಡುತ್ತದೆ. ಹೆಜ್ಜೇನಿನಲ್ಲಿ ಇದು ಸಾಮೂಹಿಕ ಕಾರ್ಯಕ್ರಮ: ಸಾವಿರಾರು ನೊಣ ಒಮ್ಮೆಗೇ ಎದ್ದು, ಕೆಲವು ನಿಮಿಷ ಸುತ್ತಿ, ಹಗುರಾಗಿ ಮರಳುತ್ತವೆ. ಮಲೇಷ್ಯಾದಲ್ಲಿ ಹೋಗುವ ಮೊದಲೂ ಬಂದ ಮೇಲೂ ತೂಗಿ ನೋಡಿದವರಿಗೆ ಮೈತೂಕದ ಐದನೇ ಒಂದು ಪಾಲಿನಷ್ಟು ಇಳಿದದ್ದು ಕಂಡಿತು. ತೂಕ ಇಳಿದ ಮೈ ಬೇಗ ತಣಿಯುವುದರಿಂದ ಇದು ಗೂಡಿನ ಬಿಸಿ ಹದ್ದುಬಸ್ತಿನಲ್ಲಿಡುವ ಉಪಾಯವೂ ಇದ್ದೀತು ಎಂದು ಅವರು 1989ರಲ್ಲಿ ವಾದಿಸಿದರು. ಕಾರು ಒರೆಸುವವರಿಗೆ ಇದು ಸಮಾಧಾನ ಕೊಡಲಾರದು.

ಹುಟ್ಟು ಕಂಡೊಡನೆ ಮನೆಯಲ್ಲಿ ಎರಡು ಪಕ್ಷ ಹುಟ್ಟುತ್ತದೆ. ಒಬ್ಬರು ಜೇನು ಕಟ್ಟಿದರೆ ಶುಭ ಎನ್ನುತ್ತಾರೆ, ಇನ್ನೊಬ್ಬರು ಶಾಂತಿ ಮಾಡಿಸಬೇಕು ಎನ್ನುತ್ತಾರೆ. ಮೂರನೆಯವರು ಪೆಸ್ಟ್ ಕಂಟ್ರೋಲ್‌ಗೆ ಫೋನ್ ಮಾಡಿರುತ್ತಾರೆ. ವಿಷ ಹೊಡೆಸುವುದರಲ್ಲಿ ಕ್ರೌರ್ಯ ಮಾತ್ರವಲ್ಲ, ದಡ್ಡತನವೂ ಇದೆ: ಒಳ್ಳೆಯ ಜಾಗ ಎಂದ ಮೇಲೆ ಮುಂದಿನ ವರ್ಷ ಬೇರೆ ಹಿಂಡು ಬರಬಹುದು, ಈ ವರ್ಷದ್ದು ತಾನಾಗಿಯೇ ಹೋಗುವುದಿತ್ತು. ಕಾಟ ಕಡಿಮೆ ಮಾಡಲು ಸುಲಭದ ದಾರಿಯೆಂದರೆ ಕತ್ತಲಾದ ಮೇಲೆ ಗೂಡಿನ ಕಡೆಯ ದೀಪ ಆರಿಸುವುದು. ಇರುಳಿನಲ್ಲಿ ಹಾರಬಲ್ಲ ಹೆಜ್ಜೇನು ಬೆಳಕಿಗೆ ಮರುಳಾಗಿ ಟ್ಯೂಬ್‌ಲೈಟಿಗೆ ಬಡಿದು ನೆಲಕ್ಕೆ ಬೀಳುತ್ತದೆ, ಬೆಳಿಗ್ಗೆ ಬರಿಗಾಲಿಗೆ ಸಿಗುತ್ತದೆ.

ಇರುಳಿನ ಹಾರಾಟ ಅದಕ್ಕೆ ಅಭ್ಯಾಸವೇ. ಅರ್ಧಕ್ಕಿಂತ ಹೆಚ್ಚು ಚಂದ್ರನಿದ್ದರೆ ಬೆಳುದಿಂಗಳಲ್ಲಿ ಹೂವಿಗೆ ಹೋಗುತ್ತದೆ, ಬಂದು ಗೂಡಿನ ಮೇಲೆ ಕುಣಿದು ದಿಕ್ಕು ಹೇಳುತ್ತದೆ. ಹಗಲಿನ ಕುಣಿತದಲ್ಲಿ ಲಂಬದಿಂದ ಎಷ್ಟು ಕೋನ ಓರೆಯಾಯಿತೋ ಸೂರ್ಯನಿಂದ ಅಷ್ಟು ಓರೆಗೆ ಹೂವಿದೆ ಎಂದರ್ಥ. ರಾತ್ರಿ ಎದುರಿಗಿರುವುದು ಚಂದ್ರ, ಹಾಗಾಗಿ ಲೆಕ್ಕವೂ ಅವನಿಂದಲೇ ಇರಬೇಕಲ್ಲವೇ? 1985ರಲ್ಲಿ ಫ್ರೆಡ್ ಡೈಯರ್ ಅಳೆದು ನೋಡಿದಾಗ ಹಾಗಿರಲಿಲ್ಲ. ನಡುರಾತ್ರಿಯಲ್ಲೂ ಹೆಜ್ಜೇನು ಸೂರ್ಯನನ್ನೇ ಹಿಡಿದು ಕುಣಿಯುತ್ತಿತ್ತು, ದಿಗಂತದ ಕೆಳಗೆ, ಭೂಮಿಯ ಮರೆಯಲ್ಲಿರುವ ಸೂರ್ಯನನ್ನು.

ಇಷ್ಟು ಲೆಕ್ಕ ಬಲ್ಲ ಜೀವಿ ಹೋದ ವರ್ಷದ ಜಾಗಕ್ಕೇ ಮರಳುತ್ತದೆಯೇ? ಅಸ್ಸಾಮಿನ ಹೆಜ್ಜೇನುಗಳ ಡಿಎನ್ಎ ಹೋಲಿಸಿದ ಪಾರ್, ಓಲ್ಡ್‌ರಾಯ್ಡ್ ಮತ್ತು ಕಾಸ್ಟ್‌ಬೆರ್ಗರ್ 2000ದಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಹೌದೆಂದರು: ಬಿಟ್ಟುಹೋದ ಜಾಗಕ್ಕೆ ಅದೇ ರಾಣಿಯ ಸಂಸಾರ ತಿರುಗಿ ಬಂದಿತ್ತು. ಕೆಲಸಗಾರ್ತಿಯರ ಆಯಸ್ಸು ತಿಂಗಳುಗಳ ಲೆಕ್ಕದ್ದು. ಹೋದವರಲ್ಲಿ ಬಂದವರು ಬಹುಶಃ ರಾಣಿಯೊಬ್ಬಳೇ. ರಾಣಿ ದಾರಿ ತೋರಿಸುವುದನ್ನು ಯಾರೂ ಕಂಡಿಲ್ಲ. ಹಳೆಯ ಮೇಣದ ವಾಸನೆ ಕೊನೆಯ ಕೆಲವು ಮೀಟರುಗಳಿಗೆ ನೆರವಾದೀತು, ಎಪ್ಪತ್ತು ಕಿಲೋಮೀಟರಿಗಲ್ಲ. ಈ ಒಗಟನ್ನು ಇನ್ನೂ ಯಾರೂ ಬಿಡಿಸಿಲ್ಲ.

ಹೊರಡುವ ದಿಕ್ಕನ್ನಾದರೂ ಮೈಸೂರಿನಲ್ಲೇ ಪತ್ತೆ ಮಾಡಬಹುದು. ಬೇಸಿಗೆ ಬಲಿತು ಹೂವು ತಗ್ಗಿದಾಗ ಗೂಡಿನಲ್ಲಿ ಹೊಸ ಮರಿ ನಿಲ್ಲುತ್ತದೆ, ಕೂಡಿಟ್ಟ ತುಪ್ಪ ಹೊಟ್ಟೆಗಳಿಗೆ ಇಳಿಯುತ್ತದೆ, ಹೊರಡುವ ಮುಂಚಿನ ದಿನಗಳಲ್ಲಿ ಕುಣಿತವೂ ಬದಲಾಗುತ್ತದೆ. ಹೂವಿನ ಕುಣಿತದಲ್ಲಿ ಹೊಟ್ಟೆ ಅಲ್ಲಾಡಿಸುವ ಓಟ ಸೆಕೆಂಡಿನ ಲೆಕ್ಕದ್ದು. ವಲಸೆಯ ಕುಣಿತದಲ್ಲಿ ಅದು ತುಂಬ ಉದ್ದ, ಏಕೆಂದರೆ ಓಟ ಉದ್ದವಾದಷ್ಟೂ ದೂರ ಹೆಚ್ಚು. ಹೆಜ್ಜೇನು ಕುಣಿಯುವುದು ಬಯಲಲ್ಲಿ, ಗೂಡು ಒಡೆಯುವ ಪ್ರಮೇಯವಿಲ್ಲ. ಎದುರಿನ ಕಟ್ಟಡದ ಮುಚ್ಚಿದ ಕಿಟಕಿಯ ಹಿಂದೆ ಜೂಮ್ ಇರುವ ಕ್ಯಾಮೆರಾ ನಿಲ್ಲಿಸಿ, ಲಂಬಕ್ಕೊಂದು ದಾರ ತೂಗುಬಿಟ್ಟು, ಪ್ರತಿ ಕುಣಿತದ ಕೋನವನ್ನೂ ಸಮಯವನ್ನೂ ಬರೆದುಕೊಂಡರೆ ಸಾಕು. ಆ ಹೊತ್ತಿನ ಸೂರ್ಯನ ದಿಕ್ಕನ್ನು ಕೂಡಿದರೆ ಉತ್ತರ ಸಿಗುತ್ತದೆ. ನಾಗರಹೊಳೆ ನೈಋತ್ಯಕ್ಕಿದೆ, ಬಂಡೀಪುರ ನೇರ ದಕ್ಷಿಣಕ್ಕೆ, ಬಿಳಿಗಿರಿರಂಗನ ಬೆಟ್ಟ ಆಗ್ನೇಯಕ್ಕೆ. ಮೂರರ ನಡುವೆ ಇಷ್ಟು ಅಂತರವಿರುವುದರಿಂದ ಕೋನ ಅಳೆಯುವುದರಲ್ಲಿ ಹತ್ತು ಡಿಗ್ರಿ ಹೆಚ್ಚುಕಡಿಮೆಯಾದರೂ ಯಾವ ಕಾಡು ಎಂದು ಗುರುತಿಸಬಹುದು.